ಸಾಲನ್ನು ಎಲ್ಲಿ ಮುರಿಯಬೇಕು?

ಕಾಗದದ ಮೇಲೆ ಬರೆಯುವವನಿಗೆ ಸಾಲು ಎಲ್ಲಿ ಮುಗಿಯಬೇಕೆಂಬ ಪ್ರಶ್ನೆಯೇ ಏಳುವುದಿಲ್ಲ. ಹಾಳೆಯ ಬಲಗಡೆಯ ಅಂಚು ಬಂದಾಗ ಕೈ ತಾನಾಗಿ ಎಡಕ್ಕೆ ಮರಳುತ್ತದೆ, ಬರೆಹ ಮುಂದುವರಿಯುತ್ತದೆ. ಕಲ್ಲಿನ ಮೇಲೆ ಶಾಸನ ಕೆತ್ತಿದ ನಮ್ಮ ಪೂರ್ವಿಕರೂ ಹೀಗೆಯೇ ಮಾಡಿದರು. ಹಳಗನ್ನಡದ ಶಾಸನಗಳಲ್ಲಿ ಪದಪದಗಳ ನಡುವೆ ತೆರಪಿಲ್ಲ. ಕಲ್ಲು ಮುಗಿದೆಡೆಯಲ್ಲಿ ಸಾಲು ಮುಗಿಯುತ್ತದೆ. ಪದವು ಅರ್ಧದಲ್ಲಿದ್ದರೆ ಉಳಿದರ್ಧ ಮುಂದಿನ ಸಾಲಿಗೆ ಹೋಗುತ್ತದೆ. ಓದುವವನು ಅದನ್ನು ಕೂಡಿಸಿಕೊಂಡು ಓದುತ್ತಾನೆ. ಅರ್ಥಕ್ಕೆ ಯಾವ ಕುಂದೂ ಬರುವುದಿಲ್ಲ. ಏಕೆಂದರೆ, ಸಾಲಿನ ಕೊನೆಯೆಂಬುದು ಅಲ್ಲಿ ಕಲ್ಲಿನ ಗುಣ, ಮಾತಿನ ಗುಣವಲ್ಲ.

ಕಂಪ್ಯೂಟರಿನಲ್ಲಿ ಬರೆಯುವವನಿಗೆ ಈ ನೆಮ್ಮದಿ ಇಲ್ಲ. ಅಲ್ಲಿ ಸಾಲಿನ ಕೊನೆಯು ಕೆಲವು ವೇಳೆ ತೆರೆಯ ಗುಣ, ಕೆಲವು ವೇಳೆ ಬರೆಹದ ಗುಣ. ಎರಡೂ ಕಣ್ಣಿಗೆ ಒಂದೇ ಬಗೆಯಾಗಿ ಕಾಣುತ್ತವೆ. ಇವೆರಡರ ಭೇದವನ್ನು ತಿಳಿಯದೆ ಪ್ರೋಗ್ರಾಮು ಬರೆಯಲು, ಪ್ರಯೋಗಶಾಲೆಯ ಅಳತೆಗಳನ್ನು ಫೈಲಿನಲ್ಲಿ ಕೂಡಿಡಲು ತೊಡಗುವ ವಿದ್ಯಾರ್ಥಿಗಳು ಇಂದು ನಮ್ಮ ಕಾಲೇಜುಗಳಲ್ಲಿ ಬಹುಮಂದಿ ಇದ್ದಾರೆ. ಟೆಕ್ಸ್ಟ್ ಎಡಿಟರಿಗೆ ಸಾಲು ಮುರಿಯುವ ಅಧಿಕಾರವನ್ನು ಎಲ್ಲ ಫೈಲುಗಳಿಗೂ ಒಂದೇ ಸಮನಾಗಿ ಕೊಡುವುದು ತಪ್ಪು. ಫೈಲಿನ ಜಾತಿಯನ್ನು ನೋಡಿ ಆ ಅಧಿಕಾರವನ್ನು ಕೊಡಬೇಕು ಅಥವಾ ಹಿಂತೆಗೆದುಕೊಳ್ಳಬೇಕು. ಇದನ್ನು ಪ್ರತಿಯೊಬ್ಬ ವಿಜ್ಞಾನ ವಿದ್ಯಾರ್ಥಿಯೂ ತನ್ನ ಕೈಯಿಂದಲೇ ಮಾಡಲು ಕಲಿಯಬೇಕು. ಇದು ಈ ಲೇಖನದ ಪ್ರತಿಪಾದನೆ. ವಿಷಯ ಸಣ್ಣದೆಂದು ತೋರಬಹುದು. ಆದರೆ ಅಳತೆಯ ಪ್ರಾಮಾಣಿಕತೆ ಅದರಲ್ಲಿ ಅಡಗಿದೆ.

ಮೊದಲು ಫೈಲೆಂದರೇನು ಎಂಬುದನ್ನು ನೋಡೋಣ. ಸಾದಾ ಬರೆಹದ ಫೈಲು ಒಂದರ ಹಿಂದೆ ಒಂದು ನಿಂತ ಸಂಖ್ಯೆಗಳ ಸರಪಣಿ. ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಉಂಟು. ಪದಗಳ ನಡುವಣ ತೆರಪಿಗೆ 32; ಸಾಲು ಮುಗಿಯಿತೆಂಬುದಕ್ಕೆ 10. ವಿಂಡೋಸ್ ಯಂತ್ರಗಳಲ್ಲಿ ಸಾಲಿನ ಕೊನೆಗೆ 13, 10 ಎಂಬ ಎರಡು ಸಂಖ್ಯೆಗಳನ್ನು ಜೊತೆಯಾಗಿ ಇಡುವ ರೂಢಿ. ಬೆರಳಚ್ಚು ಯಂತ್ರದ ಗಾಡಿಯನ್ನು ಬಲಕ್ಕೆ ತಳ್ಳುವುದು ಒಂದು ಕ್ರಿಯೆ, ಕಾಗದವನ್ನು ಮೇಲಕ್ಕೆ ಸರಿಸುವುದು ಇನ್ನೊಂದು ಕ್ರಿಯೆ ಆಗಿದ್ದ ಕಾಲದ ನೆನಪು ಅದು. ಫೈಲಿನ ಮಟ್ಟಿಗೆ ಸಾಲೆಂದರೆ, ಈ ಗುರುತಿನಿಂದ ಮುಂದಿನ ಗುರುತಿನವರೆಗೆ ಇರುವ ಭಾಗ. ಅದು ಹತ್ತು ಅಕ್ಷರದ್ದಾಗಿರಬಹುದು, ಹತ್ತು ಸಾವಿರ ಅಕ್ಷರದ್ದೂ ಆಗಿರಬಹುದು.

ಈಗ ಉದ್ದನೆಯ ಸಾಲೊಂದು ತೆರೆಯ ಅಗಲವನ್ನು ಮೀರಿತೆನ್ನಿ. ಎಡಿಟರಿಗೆ ಮೂರು ದಾರಿಗಳಿವೆ. ಸಾಲು ತೆರೆಯ ಹೊರಗೆ ಹರಿದುಹೋಗಲು ಬಿಡುವುದು ಒಂದು. ನೋಡುವವನು ಪಕ್ಕಕ್ಕೆ ಸರಿಸಿ ನೋಡಬೇಕು. ಸಾಲನ್ನು ತೆರೆಯ ಮೇಲೆ ಮಾತ್ರ ಮಡಿಸಿ ತೋರಿಸುವುದು ಇನ್ನೊಂದು. ಫೈಲಿನಲ್ಲಿ ಏನೂ ಬದಲಾಗುವುದಿಲ್ಲ, ಕಿಟಕಿಯನ್ನು ಅಗಲಿಸಿದರೆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಸಾಲಿನ ನಡುವಿನ ಯಾವುದಾದರೊಂದು ತೆರಪನ್ನು ತೆಗೆದು ಅದರ ಸ್ಥಾನದಲ್ಲಿ ನಿಜವಾಗಿಯೇ 10 ಎಂಬ ಗುರುತನ್ನು ಇಟ್ಟುಬಿಡುವುದು ಮೂರನೆಯದು. ಎರಡನೆಯದನ್ನು ‘ಮಡಿಕೆ’ ಎಂದೂ ಮೂರನೆಯದನ್ನು ‘ಮುರಿತ’ ಎಂದೂ ಕರೆಯೋಣ.

ನೀರು ತುಂಬಿದ ಲೋಟದಲ್ಲಿ ಓರೆಯಾಗಿ ನಿಲ್ಲಿಸಿದ ಪೆನ್ಸಿಲು ಮುರಿದಂತೆ ಕಾಣುತ್ತದೆ. ಅದು ಬೆಳಕಿನ ವಕ್ರೀಭವನದ ಫಲವೆಂದು ಪ್ರೌಢಶಾಲೆಯ ಹುಡುಗನೂ ಬಲ್ಲ. ಹೊರಕ್ಕೆ ತೆಗೆದರೆ ಪೆನ್ಸಿಲು ನೆಟ್ಟಗಿರುತ್ತದೆ. ಮಡಿಕೆ ಅಂಥದು. ಮುರಿತವಾದರೋ ಪೆನ್ಸಿಲನ್ನು ಕೈಯಲ್ಲಿ ಹಿಡಿದು ಎರಡು ತುಂಡು ಮಾಡಿದಂತೆ. ಕಾಣುವ ರೂಪ ಒಂದೇ ಆದರೂ ವಸ್ತುಸ್ಥಿತಿ ಬೇರೆ. ಭೌತವಿಜ್ಞಾನದ ಅಭ್ಯಾಸವೆಲ್ಲ ಕಾಣುವುದಕ್ಕೂ ಇರುವುದಕ್ಕೂ ನಡುವಣ ಈ ಭೇದವನ್ನು ಗುರುತಿಸುವ ಅಭ್ಯಾಸವೇ ಅಲ್ಲವೆ?

ಹಾಗಿದ್ದರೆ ಮುರಿತವೆಂಬ ಪದ್ಧತಿ ಬಂದುದಾದರೂ ಏಕೆ? ಇದಕ್ಕೆ ಚರಿತ್ರೆ ಉತ್ತರ ಹೇಳುತ್ತದೆ. ಐ.ಬಿ.ಎಂ. ಸಂಸ್ಥೆ 1928ರಲ್ಲಿ ಬಳಕೆಗೆ ತಂದ ರಂಧ್ರಪತ್ರದಲ್ಲಿ 80 ಅಂಕಣಗಳಿದ್ದವು. ಒಂದು ಪತ್ರಕ್ಕೆ ಒಂದು ಸಾಲು. 1957ರಲ್ಲಿ ಫೋರ್ಟ್ರಾನ್ ಭಾಷೆ ಹೊರಬಂದಾಗ ಅದು ಕೆಲಸಮಾಡುತ್ತಿದ್ದ ಐ.ಬಿ.ಎಂ. 704 ಯಂತ್ರದ ಪತ್ರವಾಚಕ 72 ಅಂಕಣಗಳನ್ನು ಮಾತ್ರ ಓದುತ್ತಿತ್ತು. ಆದುದರಿಂದ ಫೋರ್ಟ್ರಾನಿನ ವಾಕ್ಯ 7ನೆಯ ಅಂಕಣದಿಂದ 72ನೆಯದರ ಒಳಗೆ ಮುಗಿಯಬೇಕೆಂದು ಕಟ್ಟಾಯಿತು. 73ರಿಂದ 80ರವರೆಗಿನ ಎಂಟು ಅಂಕಣಗಳಲ್ಲಿ ಪತ್ರಗಳ ಕ್ರಮಸಂಖ್ಯೆಯನ್ನು ಕೊರೆಯುತ್ತಿದ್ದರು. ಪತ್ರಗಳ ಕಟ್ಟು ಕೈಜಾರಿ ಚೆಲ್ಲಿದರೆ ಮರಳಿ ಜೋಡಿಸಲು ಅದು ನೆರವಾಗುತ್ತಿತ್ತು. ಮುಂದೆ ರಂಧ್ರಪತ್ರ ಹೋಗಿ ತೆರೆ ಬಂದರೂ ಅಗಲ ಉಳಿಯಿತು. 1978ರಲ್ಲಿ ಬಂದ, ಬಹಳ ಹೆಸರಾದ ವಿ.ಟಿ. 100 ಎಂಬ ಟರ್ಮಿನಲ್ಲಿನ ಸಾಮಾನ್ಯ ಅಗಲವೂ 80 ಅಂಕಣಗಳೇ.

ಇಂದಿನ ರೂಢಿಗಳಲ್ಲಿಯೂ ಈ ಅಂಕೆಗಳ ನೆರಳನ್ನು ಕಾಣಬಹುದು. ಪೈಥಾನ್ ಭಾಷೆಯ ಶೈಲಿಯನ್ನು ಹೇಳುವ ‘ಪೆಪ್ 8’ ಎಂಬ ನಿಬಂಧನೆ, ಪ್ರೋಗ್ರಾಮಿನ ಸಾಲಿಗೆ 79 ಅಕ್ಷರ, ಟಿಪ್ಪಣಿಯ ಸಾಲಿಗೆ 72 ಅಕ್ಷರ ಎಂದು ವಿಧಿಸುತ್ತದೆ. ಇ-ಮೇಲಿನ ಸ್ವರೂಪವನ್ನು ನಿಶ್ಚಯಿಸುವ 2008ರ ಕಟ್ಟಳೆ, ಸಾಲು 78 ಅಕ್ಷರಗಳನ್ನು ಮೀರದಿದ್ದರೆ ಲೇಸು, 998ನ್ನು ಮೀರಲೇಕೂಡದು ಎನ್ನುತ್ತದೆ. ಗಿಟ್ ಎಂಬ ವ್ಯವಸ್ಥೆಯಲ್ಲಿ ಪ್ರತಿಯೊಂದು ಬದಲಾವಣೆಯ ಜೊತೆಗೂ ಬರೆಯುವ ವಿವರಣೆಯನ್ನು 72 ಅಂಕಣಗಳಲ್ಲಿ ಮುಗಿಸುವುದು ವಾಡಿಕೆ. ಗಿಟ್ ಅದನ್ನು ತೋರಿಸುವಾಗ ಎಡಕ್ಕೆ 4 ತೆರಪುಗಳನ್ನು ಬಿಡುತ್ತದೆ; ಬಲಕ್ಕೂ ಅಷ್ಟೇ ಬಿಟ್ಟರೆ 80 ಸರಿಹೋಗುತ್ತದೆ. ರಂಧ್ರಪತ್ರ ಮರೆಯಾಗಿ ಎಷ್ಟೋ ಕಾಲವಾದರೂ ಅದರ ಅಳತೆ ಮಾತ್ರ ನಮ್ಮ ಬೆನ್ನು ಬಿಟ್ಟಿಲ್ಲ!

ಹಳೆಯದೆಂಬ ಒಂದೇ ಕಾರಣದಿಂದ ಇದನ್ನು ತಳ್ಳಿಹಾಕಬೇಕೆಂದು ಹೇಳುತ್ತಿಲ್ಲ. ಸಾಲು ತೀರ ಉದ್ದವಾದರೆ ಕಣ್ಣು ಮರಳಿ ಬರುವಾಗ ದಾರಿ ತಪ್ಪುತ್ತದೆ. ಮುದ್ರಣಕಲೆಯನ್ನು ಬಲ್ಲವರು ಇಂಗ್ಲಿಷ್ ಪುಸ್ತಕದ ಸಾಲಿಗೆ 45ರಿಂದ 75 ಅಕ್ಷರಗಳು ಹಿತವೆಂದು ಹೇಳುವುದುಂಟು. ಮಿತಿ ಬೇಕೆಂಬುದು ಸರಿಯೇ. ಆದರೆ ಆ ಮಿತಿಯನ್ನು ತೆರೆಯ ಮೇಲೆ ಇಟ್ಟರೆ ಸಾಕೆ, ಫೈಲಿನ ಒಳಗೇ ಇಡಬೇಕೆ ಎಂಬುದು ಪ್ರಶ್ನೆ. ಇದಕ್ಕೆ ಒಂದೇ ಉತ್ತರವಿಲ್ಲ. ಫೈಲಿನ ಜಾತಿ ಬದಲಾದಂತೆ ಉತ್ತರವೂ ಬದಲಾಗುತ್ತದೆ. ಒಂದೊಂದನ್ನೂ ಪರಿಶೀಲಿಸೋಣ.

ಗದ್ಯವನ್ನು ಮೊದಲು ತೆಗೆದುಕೊಳ್ಳೋಣ. ಮಾರ್ಕ್‌ಡೌನ್, ಲಾಟೆಕ್ ಮುಂತಾದ ರೀತಿಗಳಲ್ಲಿ ಒಂದೇ ಒಂದು ಸಾಲುಮುರಿತವನ್ನು ತೆರಪೆಂದೇ ಎಣಿಸುತ್ತಾರೆ. ಖಾಲಿ ಸಾಲು ಬಂದರೆ ಮಾತ್ರ ಹೊಸ ಪ್ಯಾರಾ. ಹೀಗಾಗಿ ಮುರಿದರೂ ನಷ್ಟವಿಲ್ಲ, ಮುರಿಯದಿದ್ದರೂ ನಷ್ಟವಿಲ್ಲ. 1974ರಲ್ಲಿ ಬ್ರಯನ್ ಕರ್ನಿಘನ್ ಅವರು ಯೂನಿಕ್ಸ್ ಕಲಿಯುವವರಿಗಾಗಿ ಬರೆದ ಪುಸ್ತಿಕೆಯಲ್ಲಿ, ಪ್ರತಿಯೊಂದು ವಾಕ್ಯವನ್ನೂ ಹೊಸ ಸಾಲಿನಿಂದ ಆರಂಭಿಸಿ, ಸಹಜವಾದ ನಿಲುಗಡೆಗಳಲ್ಲಿ ಸಾಲನ್ನು ಮುರಿಯಿರಿ ಎಂದು ಬುದ್ಧಿ ಹೇಳಿದ್ದಾರೆ. ಬರೆಹವನ್ನು ತಿದ್ದುವುದು ಅದರಿಂದ ಸುಲಭ. ಆದರೆ ಯಾವ ಸಂಸ್ಕಾರವೂ ಇಲ್ಲದೆ ನೇರವಾಗಿ ಓದುಗನ ಕೈಸೇರುವ ಬರೆಹದ ಸಂಗತಿ ಬೇರೆ. 72 ಅಂಕಣಗಳಿಗೆ ಮುರಿದ ಟಿಪ್ಪಣಿಯನ್ನು ಮೊಬೈಲ್ ಫೋನಿನ ಕಿರಿದಾದ ತೆರೆಯಲ್ಲಿ ತೆರೆದು ನೋಡಿ. ಒಂದು ಸಾಲು ಪೂರ್ತಿ, ಮುಂದಿನದರಲ್ಲಿ ಎರಡೇ ಪದ, ಮತ್ತೆ ಒಂದು ಪೂರ್ತಿ ಸಾಲು, ಮತ್ತೆ ಎರಡು ಪದ! ಮನೆಯಲ್ಲಿ ಕಂಪ್ಯೂಟರಿಲ್ಲದೆ ಫೋನನ್ನೇ ಪುಸ್ತಕವಾಗಿ ಮಾಡಿಕೊಂಡಿರುವ ವಿದ್ಯಾರ್ಥಿಗೆ ಇದರಿಂದಾಗುವ ಕಿರುಕುಳ ಅಲ್ಪವಲ್ಲ. ಅಂಥ ಟಿಪ್ಪಣಿಗಳಲ್ಲಿ ಪ್ಯಾರಾವನ್ನು ಒಂದೇ ಉದ್ದ ಸಾಲಾಗಿ ಬಿಟ್ಟು, ಮಡಿಸುವ ಕೆಲಸವನ್ನು ಓದುವ ಯಂತ್ರಕ್ಕೆ ಒಪ್ಪಿಸುವುದು ನ್ಯಾಯ.

ಇನ್ನು ಪ್ರೋಗ್ರಾಮು. ಇಲ್ಲಿ ಭಾಷೆಯಿಂದ ಭಾಷೆಗೆ ನಿಯಮ ಬೇರೆ. ಸಿ ಭಾಷೆಯಲ್ಲಿ ಸಾಲುಮುರಿತ ಬಹುಮಟ್ಟಿಗೆ ತೆರಪಿಗೆ ಸಮಾನ. ಆದರೆ ಜೋಡಿ ಓರೆಗೆರೆಯಿಂದ ಆರಂಭವಾಗುವ ಟಿಪ್ಪಣಿ ಸಾಲಿನ ಕೊನೆಗೆ ಮುಗಿದುಹೋಗುತ್ತದೆ. ಅದನ್ನು ನಡುವೆ ಮುರಿದರೆ ಉಳಿದ ಪದಗಳು ಆಜ್ಞೆಗಳೆಂದು ಭ್ರಮೆ ಹುಟ್ಟಿಸಿ ಯಂತ್ರ ಸಿಟ್ಟಾಗುತ್ತದೆ. ಮೇಕ್‌ಫೈಲಿನಲ್ಲಿ ಆಜ್ಞೆಯೊಂದು ಮುಂದಿನ ಸಾಲಿಗೆ ಸಾಗಬೇಕಾದರೆ ಕೊನೆಯಲ್ಲಿ ಹಿಂದೋರೆಯ ಗೆರೆಯನ್ನು ಇಡಲೇಬೇಕು. ಪೈಥಾನಿನಲ್ಲಿಯಂತೂ ಸಾಲು ಮುಗಿದರೆ, ಆವರಣ ತೆರೆದಿಲ್ಲದಿದ್ದರೆ, ವಾಕ್ಯವೇ ಮುಗಿದಂತೆ.

ಯಂತ್ರ ಸಿಟ್ಟಾಗುವುದು ಒಂದು ಬಗೆಯ ಉಪಕಾರವೇ, ತಪ್ಪಿದೆಯೆಂದಾದರೂ ತಿಳಿಯುತ್ತದೆ. ಅದು ಸುಮ್ಮನಿದ್ದಾಗ ಅಪಾಯ ಹೆಚ್ಚು. ಸಮವೇಗೋತ್ಕರ್ಷದಿಂದ ಚಲಿಸುವ ವಸ್ತು ಕ್ರಮಿಸಿದ ದೂರವನ್ನು ಲೆಕ್ಕಹಾಕುವ ಪೈಥಾನ್ ಸಾಲೊಂದನ್ನು ಊಹಿಸಿಕೊಳ್ಳಿ. ಆದಿವೇಗವನ್ನು ಕಾಲದಿಂದ ಗುಣಿಸಿ, ಅದಕ್ಕೆ ವೇಗೋತ್ಕರ್ಷದ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿದ ಫಲವನ್ನು ಕೂಡಿಸಬೇಕು. ಹೆಸರುಗಳನ್ನು ಉದ್ದವಾಗಿ ಇಟ್ಟಿದ್ದರಿಂದ ಸಾಲು 72 ಅಂಕಣಗಳನ್ನು ಮೀರಿತು. ಎಡಿಟರು ಕೂಡುವ ಚಿಹ್ನೆಯ ಹಿಂದಿನ ತೆರಪಿನಲ್ಲಿ ಅದನ್ನು ಮುರಿಯಿತು. ಈಗ ಮೊದಲನೆಯ ಸಾಲು ಆದಿವೇಗ ಮತ್ತು ಕಾಲಗಳ ಗುಣಲಬ್ಧವನ್ನು ಮಾತ್ರ ‘ದೂರ’ ಎಂದು ಗ್ರಹಿಸುತ್ತದೆ. ಎರಡನೆಯ ಸಾಲು ಕೂಡುವ ಚಿಹ್ನೆಯಿಂದ ಆರಂಭವಾಗುತ್ತದೆ. ಇದೂ ಪೈಥಾನಿನ ವ್ಯಾಕರಣಕ್ಕೆ ಒಪ್ಪುವ ಸ್ವತಂತ್ರ ವಾಕ್ಯವೇ: ಧನಸಂಖ್ಯೆಯೊಂದನ್ನು ಲೆಕ್ಕಮಾಡು ಎಂದು ಅದರ ಅರ್ಥ. ಯಂತ್ರ ಲೆಕ್ಕಮಾಡುತ್ತದೆ; ಫಲವನ್ನು ಎಲ್ಲಿಯೂ ಇಡದೆ ಎಸೆದುಬಿಡುತ್ತದೆ. ಆದಿವೇಗ ಸೆಕೆಂಡಿಗೆ 10 ಮೀಟರ್, ಕಾಲ 2 ಸೆಕೆಂಡು, ವೇಗೋತ್ಕರ್ಷ 9.8 ಎಂದಿಟ್ಟರೆ ಬರಬೇಕಾದ ಉತ್ತರ 39.6 ಮೀಟರ್, ಬರುವ ಉತ್ತರ 20 ಮೀಟರ್. ದೋಷವಿದೆಯೆಂಬ ಎಚ್ಚರಿಕೆ ಒಂದೂ ಇಲ್ಲ. ಒಂದು ತೆರಪಿನ ಸ್ಥಾನದಲ್ಲಿ ಸಾಲುಮುರಿತ ಬಂದದ್ದರಿಂದ ಗುರುತ್ವಾಕರ್ಷಣೆಯೇ ಮಾಯವಾಯಿತು!

ಮೂರನೆಯದು ಅಳತೆಗಳ ಫೈಲು. ಇಲ್ಲಿ ಒಂದು ಸಾಲೆಂದರೆ ಒಂದು ವೀಕ್ಷಣೆ; ಸಾಲಿನ ಕೊನೆಯು ಬರೆಹದ ವ್ಯಾಕರಣವೇ ಆಗಿದೆ. ಒಂದೊಂದು ಸಾಲಿನಲ್ಲಿ 12 ಓದಿಕೆಗಳು, ಒಂದೊಂದು ಓದಿಕೆಗೆ 6 ಸ್ಥಾನಗಳು, ನಡುವೆ ಒಂದೊಂದು ತೆರಪು ಎಂದುಕೊಳ್ಳೋಣ. ಸಾಲಿನ ಉದ್ದ 83 ಸ್ಥಾನಗಳಾಯಿತು. 72ರ ಮಿತಿಯ ಎಡಿಟರಿನಲ್ಲಿ ಇದನ್ನು ಕೈಯಿಂದ ಬರೆಯುತ್ತಹೋದರೆ ಹತ್ತನೆಯ ಸಂಖ್ಯೆಯ ನಂತರ ಸಾಲು ಮುರಿಯುತ್ತದೆ. ಹನ್ನೊಂದು, ಹನ್ನೆರಡನೆಯ ಓದಿಕೆಗಳು ಕೆಳಗಿಳಿದು ಹೊಸ ಸಾಲಿನ ಮೊದಲನೆಯ, ಎರಡನೆಯ ಕಂಬಸಾಲುಗಳಲ್ಲಿ ಕುಳಿತುಕೊಳ್ಳುತ್ತವೆ. ಮೊದಲೆರಡು ಕಂಬಸಾಲುಗಳಿಂದ ನಕ್ಷೆ ಬರೆಯುವ ಪ್ರೋಗ್ರಾಮು ಇವನ್ನೂ ವೀಕ್ಷಣೆಗಳೆಂದೇ ನಂಬಿ ಚುಕ್ಕೆಯಿಡುತ್ತದೆ. ಪ್ಯಾರಾವನ್ನು ಮರಳಿ ತುಂಬಿಸುವ ಆಜ್ಞೆಯನ್ನು ಅಂಥ ಫೈಲಿನ ಮೇಲೆ ಕೊಟ್ಟರಂತೂ ಎಲ್ಲ ಸಾಲುಗಳೂ ಒಂದರೊಳಗೊಂದು ಸೇರಿಹೋಗುತ್ತವೆ. ಪ್ರಯೋಗದ ಮೂಲ ಓದಿಕೆಯನ್ನು ಅಳಿಸಕೂಡದು, ತಿದ್ದಬೇಕಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು ಎಂದು ಪ್ರಯೋಗಶಾಲೆಯಲ್ಲಿ ನಾವು ಮೊದಲ ದಿನವೇ ಹೇಳಿಕೊಡುತ್ತೇವೆ. ಬರೆದವನಿಗೇ ಅರಿವಿಲ್ಲದಂತೆ ಓದಿಕೆಯ ಸ್ಥಾನವನ್ನು ಕದಲಿಸುವ ಉಪಕರಣವನ್ನು ಅದೇ ಮೇಜಿನ ಮೇಲೆ ಇಟ್ಟುಕೊಳ್ಳುವುದು ಹೇಗೆ ಸರಿ?

ಆದ್ದರಿಂದ ನಿಯಮವನ್ನು ಹೀಗೆ ಸಂಗ್ರಹಿಸಬಹುದು. ಗದ್ಯಕ್ಕೆ ಮಡಿಕೆ, ವಾಡಿಕೆಯು ಬೇಡುವ ಪತ್ರಗಳಿಗೂ ಗಿಟ್ ವಿವರಣೆಗಳಿಗೂ 72ರಲ್ಲಿ ಮುರಿತ. ಪ್ರೋಗ್ರಾಮಿನಲ್ಲಿ ಟಿಪ್ಪಣಿಗೆ ಮಾತ್ರ ಮುರಿತ. ಆಜ್ಞೆಗಳನ್ನು ಬರೆಯುವವನೇ, ಭಾಷೆಯ ವ್ಯಾಕರಣವನ್ನು ನೋಡಿಕೊಂಡು, ಆವರಣದೊಳಗೆ ಮುರಿಯಬೇಕು. ಅಳತೆಗಳ ಫೈಲಿಗೆ ಮುರಿತ ಎಂದಿಗೂ ಬೇಡ. ಮಡಿಕೆಯೂ ಬೇಡ, ಸಾಲು ಪಕ್ಕಕ್ಕೆ ಹರಿಯಲಿ, ಕಂಬಸಾಲುಗಳು ನೆಟ್ಟಗೆ ಕಾಣಲಿ.

ಇದನ್ನು ಎಡಿಟರಿಗೆ ತಿಳಿಸುವುದು ಕಷ್ಟವೆ? ಇಲ್ಲ. ಹೆಚ್ಚಿನ ಎಡಿಟರುಗಳು ಫೈಲಿನ ಹೆಸರಿನ ಬಾಲವನ್ನು, ಕೆಲವು ವೇಳೆ ಅದರ ಮೊದಲ ಸಾಲನ್ನು ನೋಡಿ ಜಾತಿಯನ್ನು ಗುರುತಿಸುತ್ತವೆ. ಬ್ರಾಮ್ ಮೂಲೆನಾರ್ ಅವರು 1991ರಲ್ಲಿ ಹೊರತಂದ ವಿಮ್ ಎಡಿಟರನ್ನು ನೋಡಿ. ಅದು ಮೂರು ಪ್ರಶ್ನೆಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿದೆ. ತೆರೆಯ ಮೇಲೆ ಮಡಿಸಬೇಕೆ ಎಂಬುದಕ್ಕೆ ‘ರ‍್ಯಾಪ್’. ಮಡಿಸುವುದಾದರೆ ಪದದ ಕೊನೆಯಲ್ಲಿಯೇ ಮಡಿಸಬೇಕೆ ಎಂಬುದಕ್ಕೆ ‘ಲೈನ್‌ಬ್ರೇಕ್’. ನಿಜವಾಗಿ ಮುರಿಯುವ ಅಂಕಣ ಯಾವುದೆಂಬುದಕ್ಕೆ ‘ಟೆಕ್ಸ್ಟ್‌ವಿಡ್ತ್’. ಕೊನೆಯದಕ್ಕೆ ಸೊನ್ನೆಯನ್ನು ಕೊಟ್ಟರೆ ಮುರಿತವಿಲ್ಲ. ಇವಲ್ಲದೆ ‘ಫಾರ್ಮ್ಯಾಟ್‌ಆಪ್ಷನ್ಸ್’ ಎಂಬುದರಲ್ಲಿ ಟಿ ಎಂಬ ಅಕ್ಷರವಿದ್ದರೆ ಬರೆಹದ ಸಾಲುಗಳು, ಸಿ ಎಂಬ ಅಕ್ಷರವಿದ್ದರೆ ಟಿಪ್ಪಣಿಗಳು ಮುರಿಯುತ್ತವೆ. ವಿಮ್ ಜೊತೆಗೇ ಬರುವ ಏರ್ಪಾಟಿನಲ್ಲಿ ಸಿ ಭಾಷೆಯ ಫೈಲಿಗೆ ಮೊದಲನೆಯದನ್ನು ತೆಗೆದು ಎರಡನೆಯದನ್ನು ಉಳಿಸಿದ್ದಾರೆ. ಗಿಟ್ ವಿವರಣೆಗೆ 72 ಎಂದು ನಿಗದಿಮಾಡಿದ್ದಾರೆ. ನಮ್ಮದೇ ಏರ್ಪಾಟು ಬೇಕಾದರೆ ‘ಎಫ್‌ಟಿಪ್ಲಗಿನ್’ ಎಂಬ ಕೋಶದಲ್ಲಿ ಆಯಾ ಜಾತಿಯ ಹೆಸರಿನ ಸಣ್ಣ ಫೈಲೊಂದನ್ನು ಇಟ್ಟರಾಯಿತು. ಆದರೆ ಒಂದು ಎಚ್ಚರಿಕೆ: ಅದರೊಳಗೆ ‘ಸೆಟ್’ ಎಂದು ಬರೆಯದೆ ‘ಸೆಟ್‌ಲೋಕಲ್’ ಎಂದು ಬರೆಯಬೇಕು. ಮೊದಲನೆಯದು ಊರಿಗೆಲ್ಲ ಕಾನೂನು. ಎರಡನೆಯದು ಆ ಮನೆಗೆ ಮಾತ್ರ. ‘ಸೆಟ್’ ಎಂದು ಬರೆದರೆ ಪತ್ರಕ್ಕೆಂದು ಮಾಡಿದ 72ರ ನಿಯಮ ಮುಂದೆ ತೆರೆಯುವ ಅಳತೆಗಳ ಫೈಲಿಗೂ ಅಂಟಿಕೊಳ್ಳಬಹುದು.

ಈಮ್ಯಾಕ್ಸ್ ಎಡಿಟರಿನಲ್ಲಿ ಮುರಿತಕ್ಕೆ ‘ಆಟೊ ಫಿಲ್’ ಎಂದೂ ಪದದಂಚಿನ ಮಡಿಕೆಗೆ ‘ವಿಷುಯಲ್ ಲೈನ್’ ಎಂದೂ ಹೆಸರು. ಹೇಳದಿದ್ದರೆ ಮುರಿತದ ಅಂಕಣ 70. ಗದ್ಯದ ಫೈಲುಗಳಿಗೆ ಒಂದು ಕೊಕ್ಕೆ, ಪ್ರೋಗ್ರಾಮಿನ ಫೈಲುಗಳಿಗೆ ಇನ್ನೊಂದು ಕೊಕ್ಕೆ ಉಂಟು. ಬೇಕಾದುದನ್ನು ಬೇಕಾದ ಕೊಕ್ಕೆಗೆ ತಗುಲಿಹಾಕಬೇಕು. ಟಿಪ್ಪಣಿಗಳನ್ನು ಮಾತ್ರ ಮುರಿ ಎಂದು ಹೇಳುವ ಅವಕಾಶವೂ ಇದೆ. ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ಪರಿಚಿತವಾದ ವಿಷುಯಲ್ ಸ್ಟುಡಿಯೋ ಕೋಡ್‌ನಲ್ಲಿ ‘ವರ್ಡ್ ರ‍್ಯಾಪ್’ ಎಂಬುದು ಮಡಿಸುತ್ತದೆಯೇ ಹೊರತು ಮುರಿಯುವುದಿಲ್ಲ. ಅದರ ಏರ್ಪಾಟಿನ ಫೈಲಿನಲ್ಲಿ ಭಾಷೆಯ ಹೆಸರನ್ನು ಚೌಕ ಆವರಣದಲ್ಲಿ ಬರೆದು, ಆ ಭಾಷೆಗೆ ಮಾತ್ರ ಸಲ್ಲುವ ನಿಯಮವನ್ನು ಅದರ ಕೆಳಗೆ ಬರೆಯಬಹುದು. ನೋಟ್‌ಪ್ಯಾಡಿನ ‘ವರ್ಡ್ ರ‍್ಯಾಪ್’ ಕೂಡ ಮಡಿಕೆಯೇ. ಹಲವರು ಸೇರಿ ಮಾಡುವ ಕೆಲಸವಾದರೆ ‘ಎಡಿಟರ್‌ಕಾನ್ಫಿಗ್’ ಎಂಬ ಸಾಮಾನ್ಯ ರೂಢಿ ಇದೆ. ಕೆಲಸದ ಕೋಶದಲ್ಲಿಯೇ ಒಂದು ಫೈಲನ್ನಿಟ್ಟು, ಇಂಥ ಬಾಲದ ಫೈಲುಗಳಿಗೆ ಇಷ್ಟೇ ಉದ್ದ ಎಂದು ಬರೆಯಬಹುದು. ಸಾಲಿನ ಉದ್ದವನ್ನು ಹೇಳುವ ಅಂಶಕ್ಕೆ ಎಲ್ಲ ಎಡಿಟರುಗಳೂ ಮನ್ನಣೆ ಕೊಡುವುದಿಲ್ಲ. ಆದರೂ ಬಂದವರಿಗೆ ಮನೆಯ ರೀತಿಯನ್ನು ತಿಳಿಸಿದಂತಾಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಇನ್ನೊಂದು ತೊಡಕುಂಟು. 72, 80 ಎಂಬ ಲೆಕ್ಕಗಳೆಲ್ಲ ಒಂದು ಅಕ್ಷರಕ್ಕೆ ಒಂದು ಸಂಖ್ಯೆ, ಒಂದು ಸಂಖ್ಯೆಗೆ ಒಂದು ಸ್ಥಾನ ಎಂಬ ನಂಬಿಕೆಯ ಮೇಲೆ ನಿಂತಿವೆ. ಇಂಗ್ಲಿಷಿಗೆ ಅದು ಸರಿ. ಕನ್ನಡದ ‘ಸ್ತ್ರೀ’ ಎಂಬ ಒಂದು ಅಕ್ಷರವನ್ನು ಯೂನಿಕೋಡ್ ಪದ್ಧತಿಯಲ್ಲಿ ಬಿಡಿಸಿ ನೋಡಿ: ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರದ ಚಿಹ್ನೆ ಎಂದು ಆರು ಸಂಕೇತಗಳು. ಯು.ಟಿ.ಎಫ್. 8 ಎಂಬ ಕ್ರಮದಲ್ಲಿ ಒಂದೊಂದಕ್ಕೂ 3 ಬೈಟುಗಳಂತೆ 18 ಬೈಟುಗಳು. ಬೈಟುಗಳನ್ನು ಎಣಿಸಿ 72ಕ್ಕೆ ಮುರಿಯುವ ಸಲಕರಣೆಯಾದರೆ ಒಂದು ಸಾಲಿನಲ್ಲಿ 24 ಸಂಕೇತಗಳು ಹಿಡಿದಾವು. ಮೂರು ನಾಲ್ಕು ಪದಗಳಿಗೆ ಸಾಲು ಮುಗಿದೀತು. ಅದು ತೆರಪನ್ನು ಲೆಕ್ಕಿಸದೆ ಮುರಿಯುವಂಥದಾದರೆ ಅಕ್ಷರದ ನಡುವೆಯೇ ಕತ್ತರಿ ಬಿದ್ದು ಒತ್ತು ಒಂದು ಕಡೆ, ಮೂಲಾಕ್ಷರ ಒಂದು ಕಡೆ ಆದೀತು. ಸಂಕೇತಗಳನ್ನು ಎಣಿಸಿದರೂ ಫಲವಿಲ್ಲ. ನಮ್ಮ ಅಕ್ಷರಗಳ ಅಗಲ ಒಂದೇ ಸಮನಲ್ಲವಾದ್ದರಿಂದ ಅಂಕಣವೆಂಬ ಮಾತಿಗೇ ಅರ್ಥವಿಲ್ಲ. ಸಂಧಿ ಸಮಾಸಗಳಿಂದ ಬೆಳೆದ ನಮ್ಮ ಪದಗಳೂ ಉದ್ದ. ಆದುದರಿಂದ ಕನ್ನಡ ಗದ್ಯವನ್ನು ಅಂಕಣದ ಲೆಕ್ಕದಿಂದ ಮುರಿಯುವುದನ್ನು ಕೈಬಿಟ್ಟು, ಮಡಿಕೆಯನ್ನೋ ವಾಕ್ಯಕ್ಕೊಂದು ಸಾಲೆಂಬ ಕ್ರಮವನ್ನೋ ಅನುಸರಿಸುವುದು ಯುಕ್ತ. ರೋಮನ್ ಲಿಪಿಗೂ ರಂಧ್ರಪತ್ರಕ್ಕೂ ಹೊಲಿದ ಅಂಗಿಯನ್ನು ನಾವು ತೊಡಲೇಬೇಕೆಂಬ ಕಟ್ಟಳೆ ಏನಿದೆ?

ನಮ್ಮ ವಾದಕ್ಕೆ ಕೆಲವು ಆಕ್ಷೇಪಗಳು ಬರಬಹುದು. ಎಲ್ಲ ಫೈಲುಗಳಲ್ಲಿಯೂ ಮುರಿತವನ್ನು ನಿಲ್ಲಿಸಿಬಿಟ್ಟರೆ ಸಾಲದೆ, ಇಷ್ಟೆಲ್ಲ ಏರ್ಪಾಟು ಏಕೆ ಎಂದು ಕೇಳಬಹುದು. ಅಪಾಯ ತಪ್ಪುತ್ತದೆ, ನಿಜ. ಆದರೆ ಗಿಟ್ ಮುಂತಾದ ವ್ಯವಸ್ಥೆಗಳು ಬದಲಾವಣೆಯನ್ನು ಸಾಲುಸಾಲಾಗಿ ಹೋಲಿಸಿ ತೋರಿಸುತ್ತವೆ. ಇಡೀ ಪ್ಯಾರಾ ಒಂದೇ ಸಾಲಾಗಿದ್ದರೆ, ಒಂದು ಅಲ್ಪವಿರಾಮವನ್ನು ತಿದ್ದಿದರೂ ಪ್ಯಾರಾ ಪೂರ್ತಿ ಬದಲಾಯಿತೆಂದು ಕಾಣುತ್ತದೆ. ಇತ್ತ 72ಕ್ಕೆ ಮುರಿದ ಪ್ಯಾರಾದ ಮೊದಲಲ್ಲಿ ಒಂದು ಪದವನ್ನು ಸೇರಿಸಿ ಮರಳಿ ತುಂಬಿಸಿದರೂ ಕೆಳಗಿನ ಸಾಲುಗಳೆಲ್ಲ ಕದಲುತ್ತವೆ. ಎರಡು ಅತಿಗಳಲ್ಲಿಯೂ ತೊಂದರೆ ಇದೆ. ಸಂದರ್ಭವನ್ನು ನೋಡಿ ಆರಿಸಿಕೊಳ್ಳುವುದೇ ದಾರಿ.

ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. ಪ್ರೋಗ್ರಾಮನ್ನು ತಾನೇ ಅಚ್ಚುಕಟ್ಟು ಮಾಡುವ ಸಲಕರಣೆಗಳು ಈಗ ಬಂದಿವೆ. ಪೈಥಾನಿಗಾಗಿ ಇರುವ ‘ಬ್ಲ್ಯಾಕ್’ ಎಂಬುದು 88 ಅಕ್ಷರಗಳ ಮಿತಿಯಲ್ಲಿ ಸಾಲುಗಳನ್ನು ಸರಿಪಡಿಸುತ್ತದೆ. ಹೀಗಿರುವಾಗ ವಿದ್ಯಾರ್ಥಿ ಏಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಹೇಳುವರು. ಈ ಸಲಕರಣೆಗಳು ಒಳ್ಳೆಯವೇ. ಆದರೆ ಅವು ಒಳ್ಳೆಯವಾದದ್ದು ಏತರಿಂದ? ಅವು ಭಾಷೆಯ ವ್ಯಾಕರಣವನ್ನು ಬಲ್ಲವು. ಎಲ್ಲಿ ಮುರಿದರೆ ಅರ್ಥ ಕೆಡುವುದಿಲ್ಲವೋ ಅಲ್ಲಿ ಮಾತ್ರ ಮುರಿಯುತ್ತವೆ. ಜಾತಿಯನ್ನು ಅರಿತು ಮುರಿಯಬೇಕೆಂಬ ನಮ್ಮ ಮಾತಿಗೆ ಅವು ಸಾಕ್ಷಿಯೇ ಹೊರತು ವಿರೋಧವಲ್ಲ. ಮೇಲಾಗಿ ಕೂಡುವ ಚಿಹ್ನೆಯ ಬಳಿ ಈಗಾಗಲೇ ಎರಡು ತುಂಡಾದ ಸೂತ್ರವನ್ನು ಅವು ಮರಳಿ ಕೂಡಿಸಲಾರವು; ಅದು ಎರಡು ಸರಿಯಾದ ವಾಕ್ಯಗಳೆಂದೇ ಅವು ತಿಳಿಯುತ್ತವೆ.

ಇದೆಲ್ಲ ಪಠ್ಯಕ್ರಮದಲ್ಲಿ ಇಲ್ಲ, ಪರೀಕ್ಷೆಯಲ್ಲಿ ಕೇಳುವುದಿಲ್ಲ ಎಂಬುದು ಕೊನೆಯ ಆಕ್ಷೇಪ. ವರ್ನಿಯರ್ ಕ್ಯಾಲಿಪರನ್ನು ಕೈಗೆ ಕೊಡುವ ಮೊದಲು ಅದರ ಶೂನ್ಯದೋಷವನ್ನು ನೋಡಲು ಕಲಿಸುತ್ತೇವೆ. ಉಪಕರಣವು ತನ್ನ ಕಡೆಯಿಂದ ಅಳತೆಗೆ ಏನನ್ನು ಸೇರಿಸುತ್ತದೆ ಎಂಬುದನ್ನು ತಿಳಿಯದೆ ಅಳತೆ ಮಾಡಕೂಡದೆಂಬುದು ಅದರ ತಾತ್ಪರ್ಯ. ಇಂದಿನ ಪ್ರಯೋಗಶಾಲೆಯಲ್ಲಿ ಎಡಿಟರೂ ಒಂದು ಉಪಕರಣ. ಅದರ ಶೂನ್ಯದೋಷವನ್ನು ಪರೀಕ್ಷಿಸಲು ಹತ್ತು ನಿಮಿಷ ಸಾಕು. ನೂರು ಅಕ್ಷರಗಳಿಗಿಂತ ಉದ್ದವಾದ, ನಡುನಡುವೆ ತೆರಪುಗಳುಳ್ಳ ಸಾಲೊಂದನ್ನು ಬರೆಯಿರಿ, ಫೈಲನ್ನು ಉಳಿಸಿ, ಕಿಟಕಿಯನ್ನು ಅಗಲಿಸಿ, ಕಿರಿದುಮಾಡಿ, ಸಾಲುಗಳ ಸಂಖ್ಯೆಯನ್ನು ಅಂಚಿನಲ್ಲಿ ತೋರಿಸುವಂತೆ ಹೇಳಿ ಎಣಿಸಿ. ಎರಡನೆಯ ತುಂಡಿಗೆ ಬೇರೆ ಸಂಖ್ಯೆ ಇಲ್ಲದಿದ್ದರೆ ಅದು ಮಡಿಕೆ, ಇದ್ದರೆ ಮುರಿತ. ಗದ್ಯದ ಫೈಲು, ಪ್ರೋಗ್ರಾಮಿನ ಫೈಲು, ಅಳತೆಗಳ ಫೈಲು ಈ ಮೂರರಲ್ಲಿಯೂ ಇದನ್ನು ಮಾಡಿ ನೋಡಿ, ಬೇಕಾದ ಏರ್ಪಾಟನ್ನು ಬರೆದಿಡಿ.

ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಅಧ್ಯಾಪಕರು ಮೊದಲನೆಯ ವಾರದ ಒಂದು ಗಂಟೆಯನ್ನು ಈ ವಿಷಯಕ್ಕೆ ಮೀಸಲಿಡಬೇಕು. ಪ್ರಯೋಗಶಾಲೆಯ ಯಂತ್ರಗಳಲ್ಲಿ ಅಳತೆಗಳ ಫೈಲುಗಳಿಗೆ ಮುರಿತವಿಲ್ಲದಂತೆ ಏರ್ಪಾಟು ಮಾಡಿ, ಆ ಏರ್ಪಾಟಿನ ಫೈಲನ್ನು ವಿದ್ಯಾರ್ಥಿಗಳಿಗೂ ಹಂಚಬೇಕು. ಟಿಪ್ಪಣಿಗಳನ್ನು ಹಂಚುವವರು ಅವನ್ನು ಒಮ್ಮೆಯಾದರೂ ಫೋನಿನ ತೆರೆಯಲ್ಲಿ ಓದಿ ನೋಡಬೇಕು. ಇವುಗಳಿಗೆ ಹಣ ಬೇಕಿಲ್ಲ, ಹೊಸ ಯಂತ್ರ ಬೇಕಿಲ್ಲ. ಇನ್ನು ವಿದ್ಯಾರ್ಥಿಗಳು ಯಾರ ಅಪ್ಪಣೆಗೂ ಕಾಯಬೇಕಾದುದಿಲ್ಲ. ತಾನು ಬರೆದದ್ದೇ ಫೈಲಿನಲ್ಲಿದೆ, ಅದಕ್ಕಿಂತ ಹೆಚ್ಚಿಲ್ಲ, ಕಡಮೆಯಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲವನ ಲೆಕ್ಕವನ್ನೇ ಇನ್ನೊಬ್ಬರು ನಂಬಬಹುದು. ಮುಂದಿನ ಪ್ರಯೋಗದ ಓದಿಕೆಗಳನ್ನು ಬರೆದಿಡುವುದಕ್ಕೆ ಮೊದಲು ಆ ಹತ್ತು ನಿಮಿಷಗಳನ್ನು ವ್ಯಯಮಾಡಿ.